ಸೆವೆನ್ ಸಿನಿಮಾದ ಕೊನೆಯ ಪೆಟ್ಟಿಗೆಯಲ್ಲಿ ತಲೆ ತೋರಿಸ್ತಾರಾ, ಇಲ್ವಾ? ಒಂದು ಗೋಣಿ ಅಡಿಕೆಯ ಪ್ರಶ್ನೆ

ನೀರ್ಚಾಲು ನಿಶಾಚರ

ಸಿನಿಮಾ ನೋಡದವರು ಇಲ್ಲಿಂದ ಮುಂದೆ ಓದಬೇಡಿ, ಕೊನೆಯನ್ನೇ ಹೇಳುತ್ತಿದ್ದೇನೆ. 1995ರ ಸಿನಿಮಾ, ಮೂವತ್ತು ವರ್ಷ ಆಯಿತು, ಆದರೂ ಹೇಳುವುದು ನನ್ನ ಧರ್ಮ. ಕ್ರಿಶ್ಚಿಯನ್ನರ ಏಳು ಪಾಪಗಳ ಲೆಕ್ಕದಲ್ಲಿ ಒಬ್ಬೊಬ್ಬರನ್ನೇ ಕೊಲ್ಲುವವನನ್ನು ಇಬ್ಬರು ಪೊಲೀಸರು ಹುಡುಕುವ ಕತೆ.

ಮೊನ್ನೆ ಶನಿವಾರ ಬದಿಯಡ್ಕಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಮಳೆ ಅಂದರೆ ಮಳೆ, ಅಂಗಳಕ್ಕೆ ಇಳಿಯುವ ಹಾಗಿಲ್ಲ. ಊಟ ಆದ ಮೇಲೆ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಸೆವೆನ್ ಹಾಕಿದೆ. ಕನ್ನಡ ಸಬ್‌ಟೈಟಲ್ ಸಿಗಲಿಲ್ಲ. ಮಲಯಾಳಂ ಸಿಕ್ಕಿತು, ಆದರೆ ನಾವೆಲ್ಲ ಕನ್ನಡ ಮೀಡಿಯಂ, ಮಲಯಾಳಂ ಮಾತಾಡುತ್ತೇವೆ, ಓದುವುದು ಬಸ್ಸಿನ ಬೋರ್ಡಿನಷ್ಟೇ. ಹಾಗಾಗಿ ಇಂಗ್ಲಿಷಲ್ಲೇ ನೋಡಿದೆವು. ಅಮ್ಮ ಮೊದಲನೇ ಹೆಣ ಕಂಡ ಕೂಡಲೇ ಎದ್ದು ಮಲಗಲಿಕ್ಕೆ ಹೋದರು. ಭಾವ ಅಡಿಕೆ ಸುಲಿಯುತ್ತಾ ಕೂತಿದ್ದರು. ಅವರು ಇದನ್ನು ಕಾಲೇಜಿಗೆ ಹೋಗುವಾಗಲೇ ಬಾಡಿಗೆ ಸಿಡಿ ತಂದು ನೋಡಿದವರು, ಅದಕ್ಕೇ ‘ಈಗ ನೋಡು, ಈಗ ನೋಡು’ ಅಂತ ಪ್ರತಿ ಸೀನಿಗೂ ಮುಂಚೆ ಹೇಳುವುದು. ಇಂಥವರ ಜೊತೆ ಸಿನಿಮಾ ನೋಡುವುದೇ ಒಂದು ಶಿಕ್ಷೆ ಬಿಡಿ. ಆದರೆ ಆ ಸೋಮಾರಿತನದ ಕೊಲೆಯ ಕೋಣೆ ಉಂಟಲ್ಲ, ಕಾರಿನಲ್ಲಿ ತೂಗುಹಾಕುವ ಪರಿಮಳದ ಕಾಗದದ ಮರಗಳು ಮಾಡಿನಿಂದ ನೂರಾರು ನೇತಾಡುವುದು, ಮಂಚದಲ್ಲಿ ಹೆಣ ಅಂತ ಪೊಲೀಸ್ ಬಗ್ಗಿ ನೋಡುವಾಗ ಅದು ಕೆಮ್ಮುವುದು, ಅಲ್ಲಿ ಭಾವನ ಕೈಯ ಅಡಿಕೆ ಹಾರಿ ಟಿವಿಯ ಅಡಿಗೆ ಹೋಯಿತು. ಮೊದಲೇ ನೋಡಿದವರಿಗೇ ಹಾಗೆ.

ಈಗ ಜಗಳ ಎಂತ ಅಂದರೆ, ಕೊನೆಗೆ ಬಯಲಿನಲ್ಲಿ ಆ ಪೆಟ್ಟಿಗೆ ಬರುತ್ತದಲ್ಲ. ಮಾರ್ಗನ್ ಫ್ರೀಮನ್ ತೆರೆದು ನೋಡುತ್ತಾನೆ. ಒಳಗೆ ಇರುವುದು ಬ್ರಾಡ್ ಪಿಟ್‌ನ ಹೆಂಡತಿಯ ತಲೆ. ನನಗೆ ತಲೆ ಕಾಣಲೇ ಇಲ್ಲ. ಭಾವ ಹೇಳುವುದು, ಸಿಡಿಯಲ್ಲಿ ತಲೆ ಸ್ಪಷ್ಟ ಇತ್ತು, ಕೂದಲು ಸಮೇತ, ಈಗ ಮೊಬೈಲಲ್ಲಿ ಎಲ್ಲರೂ ನೋಡುತ್ತಾರೆ ಅಂತ ಕಟ್ ಮಾಡಿದ್ದಾರೆ ಅಂತ. ನಾನು ಇಲ್ಲ ಅಂದೆ. ಮಾತಿಗೆ ಮಾತು ಬೆಳೆದು, ಸೋತವರು ಒಂದು ಗೋಣಿ ಅಡಿಕೆ ಸುಲಿಯಬೇಕು ಅಂತ ಪಂಥ ಆಗಿದೆ.

ಇನ್ನೊಂದು ಪ್ರಶ್ನೆಯೂ ಉಂಟು. ಇದು ನಿಜವಾಗಿ ಅಷ್ಟು ದೊಡ್ಡ ಸಿನಿಮಾನಾ, ಅಥವಾ ಸುಮ್ನೆ ಹಿಂಸೆಯನ್ನು ಚಂದ ಮಾಡಿ ತೋರಿಸಿದ್ದಾ? ಎರಡು ರಾತ್ರಿ ನಿದ್ದೆ ಬರಲಿಲ್ಲ ಅಂತ ಒಪ್ಪುತ್ತೇನೆ. ಆದರೆ ನಿದ್ದೆ ಕೆಡಿಸುವುದೆಲ್ಲ ಒಳ್ಳೇ ಸಿನಿಮಾ ಆಗಬೇಕು ಅಂತ ಇಲ್ಲ ಅಲ್ವಾ.

ಕೆಂಪು ಬಲ್ಬು

ತಲೆ ಇಲ್ಲ. ನಿಮ್ಮ ಭಾವನಿಗೆ ಗೋಣಿ ತೆಗೆದಿಡಲಿಕ್ಕೆ ಹೇಳಿ.

ಡೆಲಿವರಿ ವ್ಯಾನಿನವನಿಗೆ 500 ಡಾಲರ್ ಕೊಟ್ಟು ಸರಿಯಾಗಿ ಏಳು ಗಂಟೆಗೆ ತಲುಪಿಸು ಅಂತ ಹೇಳಿರುತ್ತಾನೆ ಕೊಲೆಗಾರ. ಸಾಮರ್‌ಸೆಟ್, ಅಂದರೆ ಫ್ರೀಮನ್‌ನ ಪಾತ್ರ, ಚಾಕು ತೆಗೆದು ಆ ರಟ್ಟಿನ ಪೆಟ್ಟಿಗೆಯನ್ನು ಕೊಯ್ಯುತ್ತಾನೆ, ನಮಗೆ ಕಾಣುವುದು ಸ್ವಲ್ಪ ರಕ್ತದ ಕಲೆ, ಆಮೇಲೆ ಅವನ ಮುಖ, ಹಿಂದಕ್ಕೆ ಸರಿಯುವ ಹೆಜ್ಜೆ. ಅಷ್ಟೇ. ಆದರೆ ಭಾವನನ್ನು ಪೂರ್ತಿ ಸುಳ್ಳುಗಾರ ಅನ್ನಬೇಡಿ. ಮಿಲ್ಸ್, ಅಂದರೆ ಪಿಟ್‌ನ ಪಾತ್ರ, ಗುಂಡು ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಕಣ್ಣು ಮಿಟುಕಿಸುವಷ್ಟು ಹೊತ್ತು ಅವನ ಹೆಂಡತಿ ಟ್ರೇಸಿಯ ಮುಖ ಪರದೆ ಮೇಲೆ ಬಂದು ಹೋಗುತ್ತದೆ. ಜೀವಂತ ಇರುವಾಗಿನ ಮುಖ, ಅವನ ನೆನಪಿನಲ್ಲಿ ಬಂದ ಹಾಗೆ. ಅದನ್ನು ನೋಡಿ ಪೆಟ್ಟಿಗೆಯೊಳಗೆ ನೋಡಿದೆ ಅಂತ ಅಂದುಕೊಂಡವರು ಬಹಳ ಜನ ಇದ್ದಾರೆ. ಹಾಗೆ ನೋಡಿದರೆ ಈ ಸಿನಿಮಾದಲ್ಲಿ ಕೊಲೆಗಾರ ಮಾಡುವ ಒಂದು ಕೊಲೆಯೂ ನಮ್ಮ ಕಣ್ಣೆದುರು ನಡೆಯುವುದಿಲ್ಲ. ನಾವು ಯಾವಾಗಲೂ ತಡವಾಗಿ ಹೋಗಿ ಕೋಣೆ ನೋಡುವವರು, ಪೊಲೀಸರ ಹಾಗೆ. ಹಿಂಸೆ ಜಾಸ್ತಿ ಅಂತ ಹೇಳುವವರೆಲ್ಲ ತಮ್ಮ ತಲೆಯೊಳಗೆ ನಡೆದದ್ದನ್ನು ಹೇಳುವುದು.

ಇನ್ನು ಸಿಡಿ ವಿಷಯ. ನಾನು ಫಿಲ್ಮ್ ರೋಲಿನ ಕಾಲದಲ್ಲಿ ಕಾಸರಗೋಡಿನಲ್ಲಿ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದವ, ಹಾಗಾಗಿ ಇದೊಂದು ಹೇಳದೆ ಇರಲಾರೆ. ಕಲರ್ ಫಿಲ್ಮ್ ತೊಳೆಯುವಾಗ ಬ್ಲೀಚ್ ಅಂತ ಒಂದು ಹಂತ ಉಂಟು, ಫಿಲ್ಮಿನಲ್ಲಿ ಉಳಿದ ಬೆಳ್ಳಿಯನ್ನು ತೆಗೆಯಲಿಕ್ಕೆ. ಬೆಳ್ಳಿ ಹೋಗಿ ಬಣ್ಣ ಮಾತ್ರ ಉಳಿಯಬೇಕು. ಸೆವೆನ್‌ನ ಕೆಲವು ಥಿಯೇಟರ್ ಪ್ರಿಂಟುಗಳಲ್ಲಿ ಬೆಳ್ಳಿಯನ್ನು ಬೇಕೆಂದೇ ಉಳಿಸಿಕೊಂಡರು. ಆಗ ಬಣ್ಣ ಸಪ್ಪೆ ಆಗುತ್ತದೆ, ಕಪ್ಪು ಮಾತ್ರ ಮಸಿಯ ಹಾಗೆ ದಪ್ಪ. ಕ್ಯಾಮೆರಾ ಡೇರಿಯಸ್ ಖೋಂಜಿ ಅವರದ್ದು. ಆ ಕೋಣೆಗಳಲ್ಲಿ ಟಾರ್ಚಿನ ಬೆಳಕು ಬಿದ್ದಷ್ಟು ಜಾಗ ಮಾತ್ರ ಕಾಣುವುದು, ಉಳಿದದ್ದರಲ್ಲಿ ಎಂತ ಉಂಟು ಅಂತ ಗೊತ್ತೇ ಆಗುವುದಿಲ್ಲ. ನಮ್ಮ ಬಾಡಿಗೆ ಸಿಡಿಯಲ್ಲಿ ಆ ಕಪ್ಪೆಲ್ಲ ಬೂದು ಬಣ್ಣದ ಚೌಕ ಚೌಕ ಆಗಿ ಬರುತ್ತಿತ್ತು. ಭಾವ ಅದರಲ್ಲಿ ತಲೆ ಮಾತ್ರ ಅಲ್ಲ, ಬೇಕಾದರೆ ಅಡಿಕೆಯೂ ನೋಡಿರಬಹುದು. 2025ರ ಜನವರಿಯಲ್ಲಿ ಇದರ ಹೊಸ 4ಕೆ ಪ್ರಿಂಟ್ ಐಮ್ಯಾಕ್ಸ್‌ನಲ್ಲಿ ಬಂತು. ನೋಡುವುದಾದರೆ ಹೊಸತನ್ನು ನೋಡಿ, ಮತ್ತೆ ಟಿವಿಯ ಬ್ರೈಟ್‌ನೆಸ್ ಇಳಿಸಿ ನೋಡಿ. ಮನೆಯವರೆಲ್ಲ ‘ಎಂತದೂ ಕಾಣುವುದಿಲ್ಲ’ ಅಂತ ಬೈದರೆ ಸರಿಯಾಗಿ ಇಟ್ಟಿದ್ದೀರಿ ಅಂತ ಲೆಕ್ಕ.

ಉಪ್ಪಳದವ

ನನಗೆ ಅಷ್ಟೇನೂ ಹಿಡಿಸಲಿಲ್ಲ ಮಾರಾಯ್ರೇ. ನಿಧಾನ. ರಾಟ್ಸಸನ್ ನೋಡಿ, 2018ರ ತಮಿಳು ಸಿನಿಮಾ, ಕೂತಲ್ಲಿಂದ ಏಳಲಿಕ್ಕೆ ಬಿಡುವುದಿಲ್ಲ. ಅದರಲ್ಲೂ ಪೆಟ್ಟಿಗೆ ಉಂಟು, ಗೊಂಬೆಯ ತಲೆ ಇಟ್ಟ ಗಿಫ್ಟ್ ಬಾಕ್ಸ್. ಆ ಪಿಯಾನೋ ಸದ್ದು ಕೇಳಿದರೆ ಈಗಲೂ ಬೆನ್ನು ತಣ್ಣಗಾಗುತ್ತದೆ.

ಇನ್ನೊಂದು ವಿಷಯ, ಇವರದ್ದು ಏಳು ಪಾಪ, ನಮ್ಮದು ಅರಿಷಡ್ವರ್ಗ, ಆರೇ. ಲೆಕ್ಕ ಹಾಕಿದೆ. ಕಾಮ, ಕ್ರೋಧ, ಲೋಭ, ಮದ, ಮತ್ಸರ ಎರಡು ಪಟ್ಟಿಯಲ್ಲೂ ಉಂಟು. ನಮ್ಮಲ್ಲಿ ಜಾಸ್ತಿ ಇರುವುದು ಮೋಹ. ಅವರಲ್ಲಿ ಜಾಸ್ತಿ ಇರುವುದು ಹೊಟ್ಟೆಬಾಕತನ ಮತ್ತು ಸೋಮಾರಿತನ. ಅಂದರೆ ನಮ್ಮ ಹಿರಿಯರು ಜಂಬ್ರದ (ಸಮಾರಂಭದ) ಊಟವನ್ನೂ ಊಟದ ನಂತರದ ನಿದ್ದೆಯನ್ನೂ ಪಾಪ ಅಂತ ಬರೆಯಲಿಲ್ಲ. ದೊಡ್ಡ ಮನಸ್ಸು.

ಚೆಂಡೆ ಪೆಟ್ಟು

ಉಪ್ಪಳದವರೇ, ರಾಟ್ಸಸನ್ ನನಗೂ ಇಷ್ಟ, ಆದರೆ ಕೊನೆಗೆ ಅವನು ಯಾಕೆ ಹಾಗಾದ ಅಂತ ಚಿಕ್ಕಂದಿನ ಕತೆ ಪೂರ್ತಿ ಹೇಳುತ್ತಾರಲ್ಲ, ಅಲ್ಲಿ ಭಯ ಅರ್ಧ ಇಳಿಯಿತು ನನಗೆ. ಸೆವೆನ್‌ನಲ್ಲಿ ಅದು ಇಲ್ಲ. ಕೊಲೆಗಾರ ಜಾನ್ ಡೋ ಯಾರು, ಎಲ್ಲಿಯವನು, ಅಪ್ಪ ಹೊಡೆದಿದ್ದನಾ, ಒಂದೂ ಹೇಳುವುದಿಲ್ಲ. ಹೆಸರೇ ‘ಗುರುತಿಲ್ಲದವ’ ಅಂತ ಅರ್ಥ ಬರುವ ಹೆಸರು.

ನಾನು ಯಕ್ಷಗಾನದ ಹುಚ್ಚಿನವ, ಕುಂಬಳೆ ಕಡೆಯವ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವ ಅಂತ ಹೇಳಿಕೊಳ್ಳಲಿಕ್ಕೆ ಸಿಕ್ಕಿದ ಅವಕಾಶ ಬಿಡುವುದಿಲ್ಲ. ನಮ್ಮ ಬಣ್ಣದ ವೇಷದ ಪ್ರವೇಶ ನೆನಪು ಮಾಡಿಕೊಳ್ಳಿ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಅಕ್ಕಿ ಹಿಟ್ಟಿನ ಚುಟ್ಟಿ ಒಂದೊಂದೇ ಇಟ್ಟು ಮುಖ ಬರೆದಿರುತ್ತಾರೆ. ಬೆಳಗಿನ ಜಾವ ಚಾಪೆಯಲ್ಲಿ ಮಲಗಿದ ಮಕ್ಕಳನ್ನೆಲ್ಲ ‘ಏಳು ಏಳು, ಬಣ್ಣದ ವೇಷ ಬಂತು’ ಅಂತ ಎಬ್ಬಿಸುವುದು. ದೊಂದಿ, ರಾಳದ ಪುಡಿ ಎರಚಿದಾಗ ಭುಗಿಲ್ ಅಂತ ಏಳುವ ಬೆಂಕಿ, ಚೆಂಡೆ ಕಿವಿ ಒಡೆಯುವ ಹಾಗೆ, ಸಭೆಯ ಹಿಂದಿನಿಂದ ಅಬ್ಬರ. ರಾಕ್ಷಸ ಬರುತ್ತಾನೆ ಅಂತ ಇಡೀ ಬಯಲಿಗೇ ಗೊತ್ತು. ಸಿನಿಮಾದವರೂ ವಿಲನ್‌ಗೆ ಕೊಡುವುದು ಇದನ್ನೇ, ಬೆಂಕಿಯ ಬದಲು ಸ್ಲೋ ಮೋಷನ್.

ಇಲ್ಲಿ ಎಂತ ಮಾಡುತ್ತಾರೆ ನೋಡಿ. ಮುಕ್ಕಾಲು ಸಿನಿಮಾ ಮುಗಿದಿದೆ. ಕೊಲೆಗಾರ ಪೊಲೀಸರ ಕೈಗೆ ಸಿಕ್ಕಿಲ್ಲ. ಒಂದು ಟ್ಯಾಕ್ಸಿ ಬಂದು ನಿಲ್ಲುತ್ತದೆ, ಒಬ್ಬ ಸಾಧಾರಣ ಮನುಷ್ಯ ಇಳಿಯುತ್ತಾನೆ, ಸ್ಟೇಷನ್ನಿನ ಒಳಗೆ ನಡೆದುಕೊಂಡು ಬಂದು ಡಿಟೆಕ್ಟಿವ್ ಅಂತ ಕರೆಯುತ್ತಾನೆ. ಮೊದಲು ಯಾರಿಗೂ ಕೇಳುವುದಿಲ್ಲ. ಆಮೇಲೆ ಗಂಟಲು ಹರಿಯುವ ಹಾಗೆ ಕೂಗುತ್ತಾನೆ. ಆಗ ನೋಡಿದರೆ ಅಂಗಿ ಪೂರ್ತಿ ರಕ್ತ. ಚುಟ್ಟಿ ಇಲ್ಲ, ದೊಂದಿ ಇಲ್ಲ, ತಲೆಯಲ್ಲಿ ಕೂದಲೂ ಸರಿಯಾಗಿ ಇಲ್ಲ. ಮಗಳ ಮದುವೆಗೆ ಸಾಲ ಕೇಳಲಿಕ್ಕೆ ಬ್ಯಾಂಕಿಗೆ ಬಂದವನ ಹಾಗೆ ಇದ್ದಾನೆ. ಅದೇ ನನಗೆ ಹೊಟ್ಟೆಗೆ ಕೈ ಹಾಕಿದ್ದು.

ಜಾನ್ ಡೋ ಪಾತ್ರ ಮಾಡಿದ ಕೆವಿನ್ ಸ್ಪೇಸಿಯ ಹೆಸರನ್ನು ಶುರುವಿನ ಟೈಟಲ್‌ನಲ್ಲಿ ಹಾಕಲೇ ಇಲ್ಲ, ಯಾರು ಕೊಲೆಗಾರ ಅಂತ ಜನ ಮೊದಲೇ ಊಹಿಸಬಾರದು ಅಂತ. ಕೊನೆಯ ಟೈಟಲ್ ಕೂಡ ಮೇಲಿನಿಂದ ಕೆಳಗೆ ಇಳಿಯುತ್ತದೆ, ಬೇರೆ ಸಿನಿಮಾಗಳ ಹಾಗೆ ಕೆಳಗಿನಿಂದ ಮೇಲೆ ಅಲ್ಲ. ಶುರುವಿನ ಟೈಟಲ್ ಬೇಕಾದರೆ ಮತ್ತೊಮ್ಮೆ ಹಾಕಿ ನೋಡಿ. ಬ್ಲೇಡಿನಿಂದ ಬೆರಳ ತುದಿಯ ಚರ್ಮ ತೆಗೆಯುವ ಕೈ ಕಾಣುತ್ತದೆ. ಬೆರಳಚ್ಚು ಯಾಕೆ ಸಿಗುವುದಿಲ್ಲ ಅನ್ನುವುದಕ್ಕೆ ಉತ್ತರವನ್ನು ಮೊದಲ ಐದು ಹತ್ತು ನಿಮಿಷದಲ್ಲೇ ನಮ್ಮ ಕೈಗೆ ಕೊಟ್ಟುಬಿಟ್ಟಿದ್ದಾರೆ, ನಾವು ಪಾಪ್‌ಕಾರ್ನ್ ತಿನ್ನುತ್ತಾ ಬಿಟ್ಟುಬಿಟ್ಟೆವು.

ಮಂಜೇಶ್ವರ ಪ್ಯಾಸೆಂಜರ್

ಎಲ್ಲರೂ ಬೆಳಕು, ಬೆಳ್ಳಿ, ಬಣ್ಣದ ವೇಷ ಅಂತ ಹೇಳಿದಿರಿ. ಆ ಹುಡುಗಿಯ ಬಗ್ಗೆ ಯಾರಾದರೂ ಒಂದು ಮಾತು ಆಡಿದಿರಾ? ತಲೆ ಕಂಡಿತಾ ಕಾಣಲಿಲ್ವಾ ಅಂತ ಅಡಿಕೆ ಪಂಥ ಕಟ್ಟಿದ್ದೀರಿ. ಆ ತಲೆ ಯಾರದ್ದು?

ಕೋಪದಿಂದ ಹೇಳುವುದಲ್ಲ, ನನಗೂ ಈ ಸಿನಿಮಾ ಇಷ್ಟವೇ. ಟ್ರೇಸಿ ಬರುವುದು ನಾಲ್ಕೈದು ಸೀನು. ರಾತ್ರಿ ಊಟಕ್ಕೆ ಕರೆಯುತ್ತಾಳೆ, ಊಟ ಮಾಡುವಾಗ ಅಡಿಯಲ್ಲಿ ರೈಲು ಹೋಗಿ ಇಡೀ ಮನೆ ನಡುಗುತ್ತದೆ, ಮೂವರೂ ನಗುತ್ತಾರೆ. ನಮ್ಮ ಮನೆಯೂ ಹಳಿಯ ಪಕ್ಕದಲ್ಲೇ. ಮಲಬಾರ್ ಎಕ್ಸ್‌ಪ್ರೆಸ್ ಹೋಗುವಾಗ ಅಡುಗೆಮನೆಯ ಸ್ಟೀಲ್ ಲೋಟಗಳು ಗಲಗಲ ಅನ್ನುತ್ತವೆ. ಬಂದ ನೆಂಟರು ಹೆದರುತ್ತಾರೆ, ನಾವು ಮಾತು ನಿಲ್ಲಿಸಿ, ರೈಲು ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತೇವೆ. ಹಾಗಾಗಿ ಆ ಸೀನ್ ನನಗೆ ಬಹಳ ಹತ್ತಿರ. ಇಡೀ ಸಿನಿಮಾದಲ್ಲಿ ಜನ ಮನಸ್ಸು ಬಿಚ್ಚಿ ನಗುವುದು ಅಲ್ಲಿ ಮಾತ್ರ.

ಆಮೇಲೆ ಅವಳು ಸಾಮರ್‌ಸೆಟ್‌ನನ್ನು ಒಬ್ಬನೇ ಬರಲಿಕ್ಕೆ ಹೇಳಿ ಹೋಟೆಲಿನಲ್ಲಿ ಮಾತಾಡುತ್ತಾಳೆ. ಅವಳು ಟೀಚರ್. ಈ ಊರಿನ ಶಾಲೆಗಳನ್ನು ನೋಡಿ ಬಂದಿದ್ದಾಳೆ, ಬೇಸರ ಆಗಿದೆ. ಗರ್ಭಿಣಿ. ಗಂಡನಿಗೆ ಹೇಳಿಲ್ಲ. ಪರಿಚಯದ ಒಬ್ಬ ಜೀವ ಇಲ್ಲದ ಊರಿನಲ್ಲಿ, ಒಮ್ಮೆ ಊಟಕ್ಕೆ ಬಂದ ಮುದುಕನ ಹತ್ತಿರ ಹೇಳಿಕೊಳ್ಳುತ್ತಾಳೆ. ಮದುವೆಯಾಗಿ ಬೇರೆ ಊರಿಗೆ ಹೋದವರಿಗೆ ಅದು ಎಂತ ಅಂತ ಗೊತ್ತು.

ಈಗ ಕೊಲೆಗಾರನ ಲೆಕ್ಕ ನೋಡಿ. ಹೊಟ್ಟೆಬಾಕತನ, ದುರಾಸೆ, ಸೋಮಾರಿತನ, ಕಾಮ, ಅಹಂಕಾರ. ಐದು. ಆರನೆಯದು ಹೊಟ್ಟೆಕಿಚ್ಚು, ಅದು ಅವನೇ. ಏಳನೆಯದು ಕೋಪ, ಅದು ಮಿಲ್ಸ್. ಏಳು ಮುಗಿಯಿತು. ಟ್ರೇಸಿ ಎಲ್ಲಿ? ಪಟ್ಟಿಯಲ್ಲೇ ಇಲ್ಲ ಅವಳು. ಪಾಪಕ್ಕೆ ತಕ್ಕ ಶಿಕ್ಷೆ ಕೊಡುತ್ತೇನೆ ಅಂತ ಕಾರಿನಲ್ಲಿ ಅಷ್ಟು ದೊಡ್ಡ ಭಾಷಣ ಬಿಗಿದವನು ಪಟ್ಟಿಯಲ್ಲಿ ಇಲ್ಲದವಳನ್ನು, ಹೊಟ್ಟೆಯಲ್ಲಿದ್ದ ಮಗು ಸಮೇತ, ಕೊಂದ. ಅಲ್ಲಿಗೆ ಅವನ ಸಿದ್ಧಾಂತ ಎಲ್ಲ ಬೊಗಳೆ ಅಂತ ಆಯಿತಲ್ಲ. ನಿರ್ದೇಶಕ ಇದನ್ನು ತಿಳಿದೇ ಇಟ್ಟಿದ್ದಾನೆ ಅಂತ ನನಗೆ ಅನ್ನಿಸುತ್ತದೆ, ಆದರೆ ನೋಡುವವರು ಅದನ್ನು ಬಿಟ್ಟು ‘ಅಬ್ಬಾ ಎಂಥಾ ಬುದ್ಧಿವಂತ ಕೊಲೆಗಾರ’ ಅಂತ ಹೊರಗೆ ಬರುತ್ತಾರೆ. ಅವನ ಮನೆಯಲ್ಲಿ ತಲಾ 250 ಪುಟದ 2000 ನೋಟ್‌ಬುಕ್ ಸಿಗುತ್ತವೆ, ಅದನ್ನು ನೋಡಿಯೇ ಜನ ಮರುಳಾಗುವುದು. ಅಷ್ಟು ಬರೆದವನೆಲ್ಲ ಜ್ಞಾನಿ ಆಗುವುದಾದರೆ ನಮ್ಮ ಊರಿನ ಹಳೇ ಕೋರ್ಟು ವ್ಯಾಜ್ಯದವರೆಲ್ಲ ಜ್ಞಾನಿಗಳೇ.

ನಮಗೆ ಇದೇ ಕಡೆಯ ನಿಜವಾದ ಕೊಲೆಗಾರ ಒಬ್ಬ ಉಂಟಲ್ಲ. ಸೈನೈಡ್ ಮೋಹನ. ಪ್ರೈಮರಿ ಶಾಲೆಯ ಮಾಸ್ಟ್ರಾಗಿದ್ದವ. 2003ರಿಂದ 2009ರ ವರೆಗೆ 20 ಹೆಣ್ಣುಮಕ್ಕಳು. ದಕ್ಷಿಣ ಕನ್ನಡದವರು ಮಾತ್ರ ಅಲ್ಲ, ನಮ್ಮ ಕಾಸರಗೋಡಿನ ಹುಡುಗಿಯೂ ಇದ್ದಳು. ವರದಕ್ಷಿಣೆ ಕೊಡಲಿಕ್ಕೆ ಆಗದೆ ಮದುವೆ ತಡವಾದ ಬಡ ಹುಡುಗಿಯರನ್ನು ಹುಡುಕಿ, ಮದುವೆಯಾಗುತ್ತೇನೆ ಅಂತ ದೂರದ ಊರಿಗೆ ಕರೆದುಕೊಂಡು ಹೋಗಿ, ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಗರ್ಭ ನಿಲ್ಲದ ಹಾಗೆ ಮಾತ್ರೆ ಅಂತ ಸೈನೈಡ್ ಕೊಡುವುದು, ಟಾಯ್ಲೆಟ್ಟಿಗೆ ಹೋಗಿ ತೆಗೆದುಕೋ ಅನ್ನುವುದು. ಚಿನ್ನ ಮೊದಲೇ ಬಿಚ್ಚಿಸಿ ಇಟ್ಟುಕೊಂಡಿರುತ್ತಿದ್ದ. ಬಾಗಿಲಿಗೆ ಒಳಗಿನಿಂದ ಚಿಲಕ, ಒಳಗೆ ಗುರುತು ಸಿಗದ ಹೆಣ. ಆತ್ಮಹತ್ಯೆ ಇರಬೇಕು ಅಂತ ಬರೆದು ಮುಗಿಸಿದರು. ಹುಡುಗಿ ಕಾಣೆಯಾದದ್ದು ಒಂದು ಜಿಲ್ಲೆಯಲ್ಲಿ, ಹೆಣ ಸಿಕ್ಕಿದ್ದು ಇನ್ನೊಂದು ಜಿಲ್ಲೆಯಲ್ಲಿ. ಎರಡು ಕಾಗದವನ್ನು ಪಕ್ಕ ಪಕ್ಕ ಇಟ್ಟು ನೋಡಿದವರು ಇಲ್ಲ. 2009ರಲ್ಲಿ ಒಬ್ಬಳು ಕಾಣೆಯಾದಾಗ ಊರಿನವರು ಗಲಾಟೆ ಮಾಡಿದರು, ಆಮೇಲೆ ಫೋನ್ ಕರೆಗಳ ಜಾಡು ಹಿಡಿದು ಸಿಕ್ಕಿದ. ಕೊನೆಯ ಕೇಸಿನ ತೀರ್ಪು ಬಂದದ್ದು 2020ರಲ್ಲಿ.

ಅವನಿಗೆ ಯಾವ ಸಿದ್ಧಾಂತವೂ ಇರಲಿಲ್ಲ. ಚಿನ್ನ ಬೇಕಿತ್ತು. ನಾನು ಆ ವರ್ಷಗಳಲ್ಲಿ ದಿನಾ ರೈಲಿನಲ್ಲಿ ಮಂಗಳೂರಿಗೆ ಕಾಲೇಜಿಗೆ ಹೋಗುತ್ತಿದ್ದವಳು. ಅವನು ಸಿಕ್ಕಿಬಿದ್ದ ಮೇಲೆ ಒಂದು ತಿಂಗಳು ಲೇಡೀಸ್ ಡಬ್ಬದಲ್ಲಿ ಬೇರೆ ಮಾತೇ ಇರಲಿಲ್ಲ. ಮನೆಯಿಂದ ಹೊರಡುವಾಗ ಅಮ್ಮ ಹೇಳುತ್ತಿದ್ದದ್ದು ಒಂದೇ, ‘ಯಾರು ಕೊಟ್ಟರೂ ಎಂತದೂ ನುಂಗಬೇಡ.’ ಸೆವೆನ್‌ನಲ್ಲಿ ಮಳೆ, ಕತ್ತಲೆ, ಲೈಬ್ರರಿ, ಹಳೇ ಪುಸ್ತಕ ಎಲ್ಲ ಉಂಟು. ನನಗೆ ಹೆದರಿಕೆ ಆಗುವುದು ಬೆಳಿಗ್ಗೆ ಎಂಟು ಗಂಟೆಯ ಬಸ್ ಸ್ಟ್ಯಾಂಡ್.

ಕೆಂಪು ಬಲ್ಬು

ಅಕ್ಕಾ, ಪಟ್ಟಿಯಲ್ಲಿ ಅವಳಿಲ್ಲ ಅನ್ನುವುದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಹತ್ತು ಸಲ ನೋಡಿದ್ದೇನೆ.

ಅದಕ್ಕೆ ಸೇರಿದ ಒಂದು ವಿಷಯ. ಈ ಕೊನೆಯನ್ನು ತೆಗೆಸಬೇಕು ಅಂತ ಸ್ಟುಡಿಯೋದವರು ಬಹಳ ಪಟ್ಟು ಹಿಡಿದಿದ್ದರು. ಬೇರೆ ಕೊನೆ ಇರುವ ಸ್ಕ್ರಿಪ್ಟನ್ನೂ ಬರೆಸಿದ್ದರು. ನಿರ್ದೇಶಕ ಡೇವಿಡ್ ಫಿಂಚರ್‌ಗೆ ತಪ್ಪಿ ಹಳೆಯ ಸ್ಕ್ರಿಪ್ಟೇ ಹೋಯಿತು, ಆಂಡ್ರ್ಯೂ ಕೆವಿನ್ ವಾಕರ್ ಮೊದಲು ಬರೆದದ್ದು, ಪೆಟ್ಟಿಗೆ ಇರುವಂಥದ್ದು. ಅದನ್ನು ಓದಿಯೇ ಅವರು ಒಪ್ಪಿದ್ದು. ಬ್ರಾಡ್ ಪಿಟ್ ಕೂಡ ಪೆಟ್ಟಿಗೆ ಹಾಗೇ ಇರಬೇಕು ಅಂತ ಷರತ್ತು ಹಾಕಿದ್ದರು. ಅಂಚೆಯಲ್ಲಿ ಸರಿಯಾದ ಕಾಗದ ಹೋಗಿದ್ದರೆ ಇವತ್ತು ನಾವು ಈ ಜಗಳವನ್ನೇ ಆಡುತ್ತಿರಲಿಲ್ಲ.

ಮತ್ತೆ ಆ ಕೊನೆ ನಡೆಯುವುದು ಬಿಸಿಲಿನಲ್ಲಿ, ಗಮನಿಸಿದಿರಾ? ಸಿನಿಮಾ ಇಡೀ ಆಟಿ ತಿಂಗಳಿನ ಹಾಗೆ ಸುರಿಯುವ ಮಳೆ. ಒಣ ಬಯಲು, ಮೇಲೆ ಹೈಟೆನ್ಶನ್ ತಂತಿ, ಸುತ್ತ ಅಡಗಲಿಕ್ಕೆ ಒಂದು ಮರ ಕೂಡ ಇಲ್ಲ, ಎಲ್ಲವೂ ಕಾಣುತ್ತದೆ. ಪೆಟ್ಟಿಗೆಯ ಒಳಗೊಂದು ಬಿಟ್ಟು.

ನೀರ್ಚಾಲು ನಿಶಾಚರ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ಭಾವನನ್ನು ಟಿವಿ ಎದುರು ಕೂರಿಸಿ, ಆ ಜಾಗ ಹಾಕಿ, ಒಂದೊಂದೇ ಹೆಜ್ಜೆ ಮುಂದೆ ತಂದು ತೋರಿಸಿದೆ. ಪೆಟ್ಟಿಗೆ ತೆರೆದಾಗ ತಲೆ ಇಲ್ಲ. ಆಮೇಲೆ ಟ್ರೇಸಿಯ ಮುಖ ಬಂತು. ಅಲ್ಲೇ ನಿಲ್ಲಿಸಿದೆ.

ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಸುಮಾರು ಹೊತ್ತು ನೋಡಿದರು. ಆಮೇಲೆ ಹೇಳಿದರು, ‘ಇದೇ ನಾನು ಹೇಳಿದ್ದು. ಮುಖ ಅಂದರೆ ತಲೆಯೇ ಅಲ್ವಾ?’

ಮಂಜೇಶ್ವರದ ಅಕ್ಕ ಬರೆದದ್ದನ್ನು ನನ್ನ ಅಕ್ಕನಿಗೆ ಓದಿ ಹೇಳಿದೆ. ಅವಳು ಆವತ್ತು ನಮಗೆ ಚಹಾ ಕೊಟ್ಟು ಹೋಗುತ್ತಾ ಬರುತ್ತಾ ನೋಡಿದ್ದಷ್ಟೇ, ಪೂರ್ತಿ ನೋಡಿರಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ, ಮಗುವಿನ ವಿಷಯ ಆ ಗಂಡನಿಗೆ ಯಾವಾಗ ಗೊತ್ತಾದದ್ದು ಅಂತ. ಕೊಲೆಗಾರನ ಬಾಯಿಂದಲೇ, ಆ ಬಯಲಿನಲ್ಲೇ, ಅಂದೆ. ಅಕ್ಕ ಎಂತದೂ ಮಾತಾಡಲಿಲ್ಲ. ನಿಂತಿದ್ದ ಟ್ರೇಸಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಟಿವಿಯ ಸ್ವಿಚ್ ಆಫ್ ಮಾಡಿ ಒಳಗೆ ಹೋದಳು.

ಗೋಣಿ ಇನ್ನೂ ಜಗಲಿಯಲ್ಲೇ ಉಂಟು. ಯಾರೂ ಮುಟ್ಟಿಲ್ಲ.

ಉಪ್ಪಳದವ

ಅರ್ಧ ಅರ್ಧ ಸುಲಿಯಿರಿ ಮಾರಾಯ್ರೇ. ಮಳೆಗೆ ಬೂಸು ಬಂದೀತು.